ಉಸಿರಾಡಿದ ಹೆಣದ ಪರವಾಗಿ ನಾಲ್ಕು ಮಾತು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಸನ್ಮಾನ ಮಾಡಿಸಿಕೊಂಡು ಇನ್ನೂ ಬೆವರು ಒರೆಸಿಕೊಳ್ಳುತ್ತಿರುವ ನಿರ್ದೇಶಕರೇ, ಓಡದ ಸಿನಿಮಾಗಳನ್ನು ಹುಡುಕಿ ಹುಡುಕಿ ನೋಡುವ ಈ ಸಂಘದ ಪದಾಧಿಕಾರಿಗಳೇ, ಹಿಂದಿನ ಸಾಲಿನಲ್ಲಿ ಆಗಲೇ ನಗಲು ಶುರುಮಾಡಿರುವ ಸಭಿಕರೇ,

ನನ್ನನ್ನು ಯಾಕೆ ಕರೆದರು ಎಂದು ನೀವು ಯೋಚಿಸುತ್ತಿರಬಹುದು. ನಾನೂ ಯೋಚಿಸಿದೆ. ಕಾರ್ಯದರ್ಶಿಗಳು ಫೋನ್ ಮಾಡಿ, "ಅಮ್ಮಾ, ಸಿನಿಮಾದವರ ಪರವಾಗಿ ಒಬ್ಬರು ಮಾತಾಡ್ಬೇಕು. ನಾಯಕಿ ಬರಲ್ಲ ಅಂದ್ರು, ಖಳನಾಯಕರು ಫೋನೇ ಎತ್ತುತ್ತಿಲ್ಲ" ಎಂದರು. ಹೀಗೆ ಸರದಿ ಇಳಿದು ಇಳಿದು ಹೆಣದ ಹೆಂಡತಿಯವರೆಗೆ ಬಂತು.

ಹೌದು, ನಿರ್ದೇಶಕರ ದೆವ್ವದ ಸಿನಿಮಾದಲ್ಲಿ ನಾಯಕಿಯ ತಂದೆಯ ಹೆಣವಾಗಿ ಮಲಗಿದವರು ನಮ್ಮ ಮನೆಯವರು. ಅವರು ನಟರಲ್ಲ, ದರ್ಜಿ. ದೆವ್ವದ ಬಿಳಿ ನಿಲುವಂಗಿ ಹೊಲಿದು ಕೊಡಲು ಹೋಗಿದ್ದರು. ಹೆಣವಾಗಬೇಕಿದ್ದ ನಟರು ಊಟ ಸರಿಯಿಲ್ಲವೆಂದು ಸಿಟ್ಟಾಗಿ ಬಸ್ಸು ಹತ್ತಿದ್ದರಂತೆ. ನಿರ್ದೇಶಕರು ಸುತ್ತ ನೋಡಿ, "ಟೈಲರೇ, ನಿಮಗೆ ಮಲಗೋಕೆ ಬರುತ್ತಾ?" ಎಂದರು. ಆ ವಿದ್ಯೆಯಲ್ಲಿ ನಮ್ಮವರನ್ನು ಮೀರಿಸುವವರು ಯಾರಿದ್ದರು? ಮಧ್ಯಾಹ್ನ ಅಂಗಡಿಗೆ ಬಂದವರು ಅವರನ್ನು ಎಬ್ಬಿಸಿಯೇ ಅಳತೆ ಕೊಡಬೇಕಿತ್ತು.

ಆದರೆ ಅವರ ಹೊಟ್ಟೆಯನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾಯಕಿ ಅದರ ಮೇಲೆ ತಲೆಯಿಟ್ಟು ಅಳುತ್ತಾಳೆ. ಹೊದಿಕೆ ಏಳುತ್ತದೆ, ಇಳಿಯುತ್ತದೆ. ಅವಳ ತಲೆಯೂ ಏಳುತ್ತದೆ, ಇಳಿಯುತ್ತದೆ. ಮತ್ತೆ ತೆಗೆಯೋಣವೆಂದರೆ ರೀಲು ಉಳಿದಿರಲಿಲ್ಲ, ಎಲ್ಲ ದೆವ್ವದ ಓಡಾಟಕ್ಕೆ ಖರ್ಚಾಗಿತ್ತು. ಆ ದೆವ್ವವೋ, ಗೋಡೆ ತೂರಿಕೊಂಡು ಬರುವಂಥದ್ದು, ನೆಲದಲ್ಲಿ ಕರೆಂಟಿನ ವೈರು ಕಂಡ ಕೂಡಲೇ ನಿಲುವಂಗಿ ಎತ್ತಿ ಹಿಡಿದು ಹುಷಾರಾಗಿ ದಾಟುತ್ತದೆ! ಇನ್‌ಸ್ಪೆಕ್ಟರ ಮೀಸೆ ಒಂದು ಮಾತಿಗೆ ಎಡಕ್ಕೆ, ಇನ್ನೊಂದು ಮಾತಿಗೆ ಬಲಕ್ಕೆ. ಇಂಥ ಸಂತೋಷ ತಪ್ಪಿಲ್ಲದ ಸಿನಿಮಾದಲ್ಲಿ ಸಿಗುತ್ತದೆಯೇ ಸ್ವಾಮಿ? ದೊಡ್ಡ ಸಿನಿಮಾದ ಮುಂದೆ ನಾವು ಕೈಕಟ್ಟಿ ಕೂರುತ್ತೇವೆ. ಇದರ ಮುಂದೆ ಮನೆಯವರಂತೆ ಕಾಲು ಚಾಚಿ ಕೂರಬಹುದು.

ಮೊದಲ ದಿನ ಥಿಯೇಟರಿನಲ್ಲಿ ಜನ ಬಿದ್ದು ಬಿದ್ದು ನಕ್ಕರು. ನಮ್ಮವರು ಕುರ್ಚಿಯಲ್ಲಿ ಕುಗ್ಗಿ, "ನಡಿಯೇ, ಹೋಗೋಣ" ಎಂದರು. ನಾನು ಏಳುವುದೆಲ್ಲಿಂದ ಬಂತು? ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ನಾನೇ. ಆಮೇಲೆ ಅವರಿಗೂ ನಗು ಬಂತು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಮಧ್ಯಾಹ್ನದ ನಿದ್ದೆಗೆ ಶೂಟಿಂಗ್ ಎಂದೇ ಹೆಸರು. ಜಗಳವಾಡಿ ಮಾತು ಬಿಟ್ಟು ಮಲಗಿದರೆ, ನಾನು ಅವರ ಹೊಟ್ಟೆ ನೋಡಿ "ಕಟ್!" ಅನ್ನುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದರು. ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಇಷ್ಟು ಹೇಳಿ ಇಳಿಯೋಣವೆಂದೇ ಬಂದಿದ್ದೆ. ಆದರೆ ಈಗಷ್ಟೇ ನಿರ್ದೇಶಕರು ಇದೇ ಮೈಕಿನ ಮುಂದೆ ಏನೆಂದರು? ಮುಂದಿನ ಸಾಲಿನಲ್ಲಿ ಕೂತಿರುವ ತಮ್ಮ ಅಳಿಯ ಕಂಪ್ಯೂಟರ್ ಕೆಲಸ ಕಲಿತಿದ್ದಾರೆ, ತಪ್ಪುಗಳನ್ನೆಲ್ಲ ತಿದ್ದಿ ಸಿನಿಮಾ ಮತ್ತೆ ಬಿಡುಗಡೆ ಮಾಡುತ್ತೇವೆ, ಮೊದಲು ಆ ಹೆಣದ ಉಸಿರು ನಿಲ್ಲಿಸುತ್ತೇವೆ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನನ್ನ ಕೈ ಏಳಲಿಲ್ಲ.

ಸಾರ್, ವೈರು ಅಳಿಸಿ. ಮೀಸೆ ಗಟ್ಟಿಯಾಗಿ ಅಂಟಿಸಿ. ಆ ಹೊಟ್ಟೆಯನ್ನು ಮಾತ್ರ ಮುಟ್ಟಬೇಡಿ. ಹೋದ ವರ್ಷ ಅವರು ನಿಜವಾಗಿಯೇ ಹೋದರು. ಆಸ್ಪತ್ರೆಯಲ್ಲಿ ಹೊದಿಸಿದ ಬಟ್ಟೆಯನ್ನೇ ನೋಡುತ್ತಾ ಕೂತಿದ್ದೆ, ಈಗ ಏಳುತ್ತದೆ, ಈಗ ಏಳುತ್ತದೆ ಎಂದು. ಮೆಲ್ಲಗೆ "ಕಟ್" ಅಂತಲೂ ಅಂದೆ. ನರ್ಸಮ್ಮ ನನ್ನ ಮುಖ ನೋಡಿದರು. ಅವತ್ತು ನಮ್ಮವರು ಒಂದು ತಪ್ಪನ್ನೂ ಮಾಡಲಿಲ್ಲ.

ಮನೆಯಲ್ಲಿ ಅವರ ಫೋಟೋಗಳಿವೆ, ಯಾವುದೂ ಅಲುಗುವುದಿಲ್ಲ. ಅವರು ಉಸಿರಾಡುವುದು ನಿಮ್ಮ ಸಿನಿಮಾದಲ್ಲಿ ಮಾತ್ರ. ಸಂಘದವರು ಅದನ್ನು ಹಾಕಿದಾಗಲೆಲ್ಲ ನಾನು ಬಂದು ಕೂರುವುದು ಅದಕ್ಕೇ. ಹೊದಿಕೆ ಏಳುತ್ತಿದ್ದಂತೆ ಎಲ್ಲರೂ "ಏಳಪ್ಪಾ, ಎದ್ದೇಳು!" ಎಂದು ಕೂಗುತ್ತೀರಲ್ಲ, ಅದರಲ್ಲಿ ನನ್ನದೂ ಒಂದು ದನಿ ಇರುತ್ತದೆ. ನೀವು ತಮಾಷೆಗೆ ಕೂಗುತ್ತೀರಿ.

ನಿರ್ದೇಶಕರು ಅಳಿಯನ ಕಡೆ ತಿರುಗಿ ಬೇಡ ಎಂದು ಕೈಯಾಡಿಸಿದ್ದು ನನಗೆ ಕಾಣಿಸಿತು. ಅಷ್ಟು ಸಾಕು ಸಾರ್. ಒಬ್ಬ ದರ್ಜಿಯನ್ನು ಮಲಗಿಸಿದ್ದಕ್ಕೆ, ಎಬ್ಬಿಸದೆ ಬಿಟ್ಟಿದ್ದಕ್ಕೆ ನಿಮಗೆ ಧನ್ಯವಾದ. ರೀಲು ಮುಗಿದಿದ್ದಕ್ಕೂ ಧನ್ಯವಾದ. ಸಭಿಕರೇ, ಇಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತಿದ್ದೀರಿ. ಇನ್ನು ಬಿಡಿ. ನಮಸ್ಕಾರ.