ಮರ್ದಾನಸಾಬ ಹೊಸೆದ ಹಗ್ಗ

...ಆ ಹಗ್ಗ ಬ್ಯಾಡ ಅಂದೆನಲ್ಲ ಅಲ್ಮಾಸಾ! ಐದ ದಿನ ನೈಲಾನ್ ಹಗ್ಗ ಕಟಗೊಂಡು ಛಲೋ ಈಸಬಿದ್ದಿ. ಇವತ್ತ ಇದನ್ನ ಎಲ್ಲಿಂದ ತಂದಿ? ...ಮನ್ಯಾಗಿನ ಗೂಟದ್ದಾ? ಒಂಬತ್ತ ವರ್ಷ ಅಲ್ಲೇ ಜೋತ ಬಿದ್ದಿತ್ತಾ? ಯವ್ವಾ... ಇದು ಪುಂಡಿನಾರಿಂದು. ನೀರ ಕುಡದರ ಭಾರ ಆಕ್ಕೈತಿ, ಕೈ ತರಚತೈತಿ. ತಡಿ, ನಾ ಮನಿಗಿ ಹೋಗಿ ನೈಲಾನ್ ತರತೇನಿ, ಒಂದ ಗಳಿಗಿ... ಏ, ಏ! ನಡಕ್ಕ ಕಟಗೊಂಡ ಬಿಟ್ಟೀಯಲ್ಲ!

ಆತು. ಆತು, ಮಾರಿ ಗಂಟ ಹಾಕಬ್ಯಾಡ. ತುದಿ ಇತ್ತ ಕೊಡು.

ಪಾವಟಗಿ ಮ್ಯಾಲ ಹುಷಾರ, ಪಾಚಿ ಐತಿ. ಯಾರ ತುಳದಾರ ಇದನ್ನ? ನಮ್ಮ ಅಸುಂಡಿ ಹುಡುಗರೆಲ್ಲಾ ಆವತ್ತಿನಿಂದ ಕೆರಿಗಿ ಹೋಗ್ತಾವ. ಇಲ್ಲೆ ಪಾರಿವಾಳ ಅಷ್ಟ ಉಳದಾವು. ನಾನರ ಎಲ್ಲಿ ಬರತಿದ್ದೆ! ಹಮ್ಮಿಗಿಯಾಗ ಹುಟ್ಟಿದಾಕಿ, ನಡಿಯೂದಕ್ಕಿಂತ ಮದಲ ಹೊಳ್ಯಾಗ ಈಸಿದಾಕಿ... ಈಗ ಕೊಡದಾಗಿನ ನೀರಾಗ ಮಾರಿ ಕಂಡರೂ ಕಣ್ಣ ಮುಚಗೋತೇನಿ. ನೀ ಬಂದು, "ತಿಪ್ಪಕ್ಕಾ, ನನಗ ಈಸಾಕ ಕಲಸು, ಅದ ಬಾವ್ಯಾಗ ಕಲಸು" ಅಂದಾಗ ನಾ ಕೈ ಮುಗದ ಬ್ಯಾಡ ಅಂದೆ. ಮಗ ಮುಳಗಿದ ಬಾವಿ. ಹಡದಾಕಿ ನೀನು. ಯಾಕ ಅಂತ ಕೇಳಿದೆ, ನೀ ನಡಕ್ಕ ಸೆರಗ ಬಿಗದಿ. ರಮೀಜ ಕಡೀಕ ಏನ ಕಂಡಾನೋ ಅದನ್ನ ನೀನೂ ಕಾಣಬೇಕಂತ ಬಂದೀ ಅನಕೊಂಡೆ.

ಅಲ್ಲ? ತಲಿ ಅಲ್ಲಾಡಸ್ತಿ? ಮತ್ಯಾಕ ಬಂದಿ?

...ಬಿಡು, ಹೇಳಬ್ಯಾಡ. ಇಳಿ. ಸೀರಿ ಕಚ್ಚಿ ಬಿಗಿ ಐತಿಲ್ಲೋ? ಮದಲ ಮಾರಿ ಮುಳಗಸು, ಬಾಯಿಲೆ ಗುಳು ಗುಳು ಉಸರ ಬಿಡು. ಮೂಗಿಲೆ ಜಗ್ಗಬ್ಯಾಡ! ಮದಲನೇ ದಿನ ಜಗ್ಗಿ ಅರ್ಧಾ ತಾಸ ಕೆಮ್ಮಿದ್ದಿ, ನಾ ನಕ್ಕದ್ದಕ್ಕ ಸಿಟ್ಟಾಗಿದ್ದಿ. ಹಾಂ, ಹಂಗ. ಈಗ ಮೈ ಚೆಲ್ಲು. ಮೈ ಕಟ್ಟಿಗಿ ಮಾಡಬ್ಯಾಡ, ಸಡ್ಲ ಬಿಡು, ನೀರ ತಾನ ಎತ್ತತೈತಿ. ನೋಡು, ಮತ್ತ ಕಾಲ ಮುಳಗಿದುವು! ಕಾಲ ಯಾಕ ಮುಳಗತಾವ? ತಲಿ ಎತ್ತಿದ್ದಕ್ಕ. ಎಲ್ಲಾರೂ ಹಿಂಗ... ದಂಡಿ ಎಲ್ಲೈತಿ, ಹಗ್ಗ ಹಿಡದಾಕಿ ಅದಾಳೋ ಇಲ್ಲೋ ಅಂತ ತಲಿ ಎತ್ತಿ ನೋಡ್ತಾರ. ನೋಡಬಾರದು. ಹಿಂದ ತಿರಗಿ ಅಂತೂ... ಹಿಂದ ತಿರಗಿ ಎಂದೂ ನೋಡಬಾರದು.

ಏನಿಲ್ಲ. ಏನಿಲ್ಲವಾ, ನೀ ಕಾಲ ಬಡಿ.

ಕಂಬಕ್ಕ ಯಾಕ ಹಗ್ಗ ಸುತ್ತೀ ಅಂತ ನೋಡಾಕತ್ತಿಯೇನು? ಈ ಪಂಪಿನ ಕಲ್ಲಗಂಬಕ್ಕ ಒಂದ ಸುತ್ತ ಹಾಕಿ ಹಿಡದರ ನನಗ ಧೈರ್ಯ. ನನ್ನ ಕೈ ಮ್ಯಾಲ ನನಗ ಭರೋಸಾ ಇಲ್ಲ ಈಗ. ಚಹಾದ ಬಟ್ಟಲ ಹಿಡದರೂ ಜಾರತೈತಿ. ಡಾಕ್ಟರ್ ನರ ಛಲೋ ಅದಾವ ಅಂದರು.

ಡಬ್ಬಿ ಬಿಚ್ಚು ಅಂತಿಯಾ? ಹುಚ್ಚಿ! ಬೆನ್ನಿಗಿ ಆ ಖಾಲಿ ಎಣ್ಣಿ ಡಬ್ಬಿ ಕಟ್ಟಿದ್ದಕ್ಕ ನೀ ಮ್ಯಾಲ ಇರೂದು. ಅದು ಏಳನೇ ದಿನದ ಮಾತು. ಏಳನೇ ದಿನ ಡಬ್ಬಿ ಬಿಚ್ಚಿ, ಆ ಗ್ವಾಡಿತನಕ ಈಸಿಸಿ, ಚುರಮುರಿ ಬೆಲ್ಲ ಹಂಚತಿದ್ದೆ. ಇಪ್ಪತ್ತಾರ ಹುಡುಗರಿಗಿ ಹಂಚೇನಿ. ...ಮತ್ತೇನ ಮಾಡತಿದ್ದೆ? ಮತ್ತೇನ ಮಾಡ್ಲಿ, ಏನಿಲ್ಲ. ಯಾಕ ಕೇಳತಿ? ಯಾರರ ಏನರ ಹೇಳಿದರೇನು? ...ಹುಡುಗರ ಆಟ ಇರತಾವ, ನೂರಾ ಎಂಟ. ಏ, ಬಿಚ್ಚಿ ಒಗದ ಬಿಟ್ಟೀಯಲ್ಲ ಡಬ್ಬಿ! ಅಲ್ಮಾಸಾ! ಪಾವಟಗಿ ಹಿಡಕೋ! ...ಹಿಡದೇನಿ, ಹಿಡದೇನಿ, ಅಂಜಬ್ಯಾಡ, ಹಿಡದೇನಿ.

ಯಾಕ ಹಂಗ ಒಮ್ಮಿಗಲೇ ನಿಂತಿ? ಹಿಡದೇನಿ ಅಂದದ್ದಕ್ಕ? ನಾ ಎಲ್ಲಾರಿಗೂ ಅನ್ನೂದು ಅದನ್ನ.

ಈಗೇನ ಮಾಡಾಕತ್ತಿ? ಎರಡೂ ಕಾಲ ಗ್ವಾಡಿಗಿ ಕೊಟ್ಟು... ಏ, ಹಗ್ಗಕ್ಕ ಜೋತ ಬೀಳತಿಯಾ? ಕಲಿಯಾಕ ಬಂದೀಯೋ ಜೋಕಾಲಿ ಆಡಾಕ ಬಂದೀಯೋ! ಮತ್ತ ಜಗ್ಗತಿ. ಮೈಭಾರ ಎಲ್ಲಾ ಹಾಕಿ ಜಗ್ಗತಿ. ಹರಿಯೂದಿಲ್ಲ ತಂಗಿ, ಅಂಜಬ್ಯಾಡ, ಅದು ನಿನ್ನ ಗಂಡ ಮರ್ದಾನಸಾಬನ ಕೈ! ಹನಮಪ್ಪನ ಎಮ್ಮಿ ಬಾವ್ಯಾಗ ಬಿದ್ದಾಗ ಇದ ಜೋಡಿ ಹಗ್ಗಲೇ ಎತ್ತಿದರು, ಒಂದ ಎಳಿ ಕದಲಲಿಲ್ಲ. ಎಮ್ಮಿ ಮುಂದ ನೀ ಎಷ್ಟರಾಕಿ! ನಿನ್ನಂಥಾ ನಾಕ ಮಂದಿ ಜೋತ ಬಿದ್ದರೂ ಮರ್ದಾನಸಾಬ ಹೊಸೆದದ್ದು ಹರಿ...

...

ಯಾಕ ಹಂಗ ನೋಡಾಕತ್ತಿ?

ಅದು ಬ್ಯಾರೆ ಹಗ್ಗ ಅಲ್ಮಾಸಾ. ಆವತ್ತ ಹರದದ್ದು ಬ್ಯಾರೆ. ...ಹೌದು, ಇದರ ಜೋಡಿ ಖರೆ. ಒಂದ ಪುಂಡಿನಾರು, ಒಂದ ವಾರದಾಗ ಹೊಸದದ್ದು, ಅದೂ ಖರೆ. ಆದರ ಬಿಸಲಿಗಿ ಇಟ್ಟಿರಬೇಕು ಅದನ್ನ. ಇಲಿ ಕಡದಿರಬೇಕು. ಯಾರಿಗಿ ಗೊತ್ತು! ಪೊಲೀಸರು ನೋಡಿ ಬರದಾರಲ್ಲ. ಆಗಿನ್ನೂ ಹೊಸಾ ಜಿಲ್ಲಾ, ಅವರ ಕಾಗದದ ಮ್ಯಾಲ ಧಾರವಾಡ ಅಂತ ಛಾಪಾ ಇತ್ತು, ಅದನ್ನ ಹೊಡದು ಪೆನ್ನಿಲೆ ಗದಗ ಅಂತ ಬರದು, ಕೆಳಗ "ಹಗ್ಗ ಹರಿದು ಬಾಲಕ ಮುಳುಗಿ" ಅಂತ ಬರದರು. ನಾ ಹೆಬ್ಬಟ್ಟ ಒತ್ತಿದೆ. ನೀನೂ ಅಲ್ಲೇ ಇದ್ದಿ. ಆವಾಗ ಏನೂ ಅನಲಿಲ್ಲ, ಈಗ್ಯಾಕ...

ಏನರ ಅನ್ನು. ಬೈಯಿ. ಇಲ್ಲಾ ಮ್ಯಾಲ ಬಾ. ನೀರಾಗ ಹಂಗ ನಿಂತ ನೋಡಬ್ಯಾಡ. ರಮೀಜನ ಕಣ್ಣ ಅವು. ಒಂಬತ್ತ ವರ್ಷ ಹಿಂಗ ನೋಡ್ತಾನ. ರೊಟ್ಟಿ ಬಡಿಯಾಕ ಕುಂತರ ಕೇಳತಾನ, "ಹಿಡದೀಯೇನ ಆಯಿ?" ಅಂತಾನ. ನಾ ಒಬ್ಬಾಕಿನ ಒಲಿ ಮುಂದ "ಹಿಡದೇನಿ" ಅಂತೇನಿ. ಸೊಸಿ ಯಾರ ಜೋಡಿ ಮಾತಾಡತಿ ಅತ್ತಿ ಅಂತಾಳ.

ಹುಲಿಗೇಶ ಹೇಳಿದ್ನಾ? ಹ್ವಾದ ವಾರ ಮದಿವಿ ಕಾರ್ಡ ಕೊಡಾಕ ನಿಮ್ಮ ಮನಿಗಿ ಬಂದಿದ್ನಲ್ಲ... ಅಂವನೂ ನನ್ನ ಕಡೆ ಕಲತಾಂವ. ನಕ್ಕೊಂತ ಹೇಳಿರಬೇಕು. "ಏಳನೇ ದಿನ ಆಯಿ ಮೋಸ ಮಾಡ್ತಿದ್ದಳು" ಅಂತ. ಕಲತ ಹುಡುಗರು ಕಲಿಯೋ ಹುಡುಗರಿಗಿ ಹೇಳಬಾರದು, ಹಂಗಂತ ಆಣಿ ಮಾಡಸ್ತಿದ್ದೆ. ದೊಡ್ಡವರ್ಯಾರಿಗೂ ಗೊತ್ತಿದ್ದಿಲ್ಲ. ಹಿಡದೇನಿ, ಹಿಡದೇನಿ ಅನಕೊಂತ... ಹಗ್ಗ ಬಿಡತಿದ್ದೆ ಅಲ್ಮಾಸಾ. ಹುಡುಗ ಆ ಗ್ವಾಡಿ ಮುಟ್ಟಿ ಹೊಳ್ಳಿ ನೋಡಿದಾಗ ಎರಡೂ ಕೈ ಎತ್ತಿ ತೋರಸ್ತಿದ್ದೆ. ಖಾಲಿ ಕೈ! ನೀನ ಈಸಿದಿಯಲೋ ಮಗನ, ನಾ ಹಿಡದಿದ್ದಿಲ್ಲ ಅಂತ. ಏನ ಖುಷಿ ಪಡತಿದ್ದುವು ಹುಡುಗರು! ಮೋಸ ಅಲ್ಲ ಅದು. ಇಪ್ಪತ್ತಾರ ಮಂದಿ ಹಂಗ ಕಲತಾರ...

ರಮೀಜಂದು ಐದನೇ ದಿನ. ಏಳ ಅಲ್ಲ, ಐದು. ಅಷ್ಟ ಛಲೋ ಈಸತಿದ್ದ ನಿನ್ನ ಮಗ. ಇಷ್ಟ ಜಲ್ದಿ ಯಾರೂ ಕಲತಿಲ್ಲ ಅಂತ ಊರಾಗ ಹೇಳಕೊಳ್ಳಾಕ ಬೇಕಾಗಿತ್ತು ನನಗ. ಅದಕ್ಕ ಡಬ್ಬಿ ಬಿಚ್ಚಿದೆ. ಅದಕ್ಕ ಬಿಟ್ಟೆ. ನಡುಬಾವ್ಯಾಗ "ಹಿಡದೀಯೇನ ಆಯಿ?" ಅಂದ. ಹಿಡದೇನಿ ಅಂದೆ. ಹಿಂದ ತಿರಗಿ ನೋಡಿದ. ನನ್ನ ಖಾಲಿ ಕೈ ನೋಡಿದ. ಅಷ್ಟ. ಅಂಜಿಕಿಗಿ ಮೈಯೆಲ್ಲಾ ಬಿಗದು ಕಲ್ಲಿನಂಗ ಇಳದ ಹ್ವಾದ. ನಾ ಹಾರಿದೆ. ಹಾರಿದೆ ಅಲ್ಮಾಸಾ, ಅದೊಂದ ನಂಬು. ಪಂಪಿನ ಪೈಪಿನ ಹಿಂದ ಸಿಕ್ಕಿದ್ದ. ಹಗ್ಗದ ತುದಿ ನನ್ನ ಕೈಯಾಗ ಇದ್ದಿದ್ದರ, ಒಂದ ಸಲ ಜಗ್ಗಿದ್ದರ ಸಾಕಿತ್ತು.

ಮ್ಯಾಲ ತಂದೆ, ಹೊಟ್ಟಿ ಒತ್ತಿದೆ, ತಲಿಕೆಳಗ ಮಾಡಿದೆ. ಏನೂ ಇಲ್ಲ. ಆಮ್ಯಾಲ ಮಂದಿ ಬರೂ ಸಪ್ಪಳ ಕೇಳಿತು. ಹಗ್ಗ ಇನ್ನೂ ಅವನ ನಡಕ್ಕಿತ್ತು, ಹೊಸಾದರಂಗ ಗಟ್ಟಿ, ತುದಿಗಂಟ ಸೈತ ಬಿಚ್ಚಿದ್ದಿಲ್ಲ. ದಂಡಿ ಮ್ಯಾಲ ನನ್ನ ಬಟ್ಟಿ ಪಕ್ಕ ಹುಲ್ಲ ಕೊಯ್ಯೂ ಕುಡಗೋಲ ಇತ್ತು... ಒಂದೊಂದ ಎಳಿ ಕೊಯ್ದೆ. ಕೊಯ್ದದ್ದ ಕಾಣಬಾರದಂತ ಈ ಪಾವಟಗಿ ಕಲ್ಲಿಗಿ ತಿಕ್ಕಿ ತಿಕ್ಕಿ ನಾರಿನ ಜುಬರ ಎಬ್ಬಿಸಿದೆ. ಅಂವ ಬಾಜೂಕ ಮಕ್ಕೊಂಡಿದ್ದ.

ನನ್ನ ತಪ್ಪ ಹಗ್ಗದ ಮ್ಯಾಲ ಹೋಗ್ಲಿ ಅಂದೆ. ಹಗ್ಗಕ್ಕೇನ ಜೀವ ಐತಿ ಅಂದೆ. ಅದನ್ನ ಹೊಸದಾಂವ ಒಬ್ಬ ಅದಾನ, ಅಂವ ಹಡದಪ್ಪ ಅನ್ನೂದು ಆ ಗಳಿಗ್ಯಾಗ ನೆನಪಿಗಿ ಬರಲಿಲ್ಲ ನನಗ! ಮರ್ದಾನಸಾಬ ಆ ತುದಿ ಹಿಡಕೊಂಡು ಎಳಿ ಎಳಿ ಬಿಡಸಿ ನೋಡಿ, "ಹುರಿ ಸಡ್ಲ ಬಿದ್ದೈತಿ" ಅಂದ. ಮಗನ ಜನಾಜಾಕ್ಕ ಹೆಗಲ ಕೊಡಲಿಲ್ಲ. ಕೊಂದ ಕೈ, ಬ್ಯಾಡ ಅಂದ. ಮುಂದ ಒಂದ ಹಗ್ಗ ಹೊಸೀಲಿಲ್ಲ, ಗದಗಿನ ಮಾರ್ಕೆಟ್ಟಿನಾಗ ಚೀಲ ಹೊರತಾನ. ನನ್ನ ಕಂಡಾಗೊಮ್ಮಿ ಏನಂತಾನ ಗೊತ್ತೇನು ನಿನಗ? "ತಿಪ್ಪಕ್ಕಾ, ನನ್ನ ಹಗ್ಗದಿಂದ ನಿನಗ ಕೆಟ್ಟ ಹೆಸರ ಬಂತು, ಮಾಫ್ ಮಾಡು" ಅಂತಾನ. ನನಗ! ಒಂಬತ್ತ ವರ್ಷ ಆ ಮಾತ ಕೇಳಿ ಸುಮ್ಮನ ಮನಿಗಿ ಹೋಗೇನಿ.

ಅಲ್ಮಾಸಾ, ಒಂದ ಮಾತ ಆಡು... ಗಂಟ ಯಾಕ ಬಿಚ್ಚತಿ? ನಡದ ಗಂಟ ಬಿಚ್ಚಬ್ಯಾಡ, ನಿನಗ ಪೂರಾ ಬರೂದಿಲ್ಲ ಇನ್ನೂ! ಡಬ್ಬಿನೂ ಇಲ್ಲ! ಏ... ತಲಿ ಕೆಳಗ ಇಡು. ಕಾಲ ಬಡಿ. ಉಸರ ಬಿಡು, ಬಾಯಿಲೆ, ಬಾಯಿಲೆ! ...ನನ್ನ ಕಡೆ ನೋಡಬ್ಯಾಡ...

ಈಸಿದಿಯಲ್ಲ. ಆ ಗ್ವಾಡಿ ಮುಟ್ಟಿ ಈ ಗ್ವಾಡಿಗಿ ಬಂದಿಯಲ್ಲ ಯವ್ವಾ...

ಕೈ ಕೊಡು. ಬ್ಯಾಡೇನು. ಆತು. ಒದ್ದಿ ಸೀರಿಯಾಗ ಎಲ್ಲಿ ಹೊಂಟಿ? ಹಗ್ಗ ಯಾಕ ಜಗ್ಗತಿ? ...ಬಿಡೂದಿಲ್ಲ. ಇದನ್ನ ಬಿಡೂದಿಲ್ಲ ನಾ. ಹಿಡದೇನಿ, ನೋಡಿಲ್ಲೆ, ಖರೇನ ಹಿಡದೇನಿ...

ಮಾರ್ಕೆಟ್ಟಿಗಿ ಒಯ್ತಿಯಾ? ಮರ್ದಾನಸಾಬಗ ತೋರಸಾಕ?

...ತಗೋ. ಬಿಟ್ಟೆ. ಈ ಒದ್ದಿ ಹಗ್ಗ ಅವನ ಕೈಯಾಗ ಇಡು. ಜಗ್ಗಿ ನೋಡು ಅನ್ನು. ಹಿಂದಿಂದ ನಾನೂ ಬರತೇನಿ... ಸ್ವಲ್ಪ ನಿಲ್ಲು ಅಲ್ಮಾಸಾ, ಪಾವಟಗಿ ಜಾರತೈತಿ, ನನಗ ಯಾರರ ಕೈ ಹಿಡಿಬೇಕು.