ಶತ್ರು ಗೊಂಬೆಯ ದನಿ

ಶರತ್ಕಾಲದ ಮಳೆ ಬಿಡದೆ ಸುರಿಯುತ್ತಿತ್ತು. ಸಂಜೆಯ ಬೆಳಕಿರುವಾಗಲೇ ಮುಗಿಸೋಣವೆಂದು ಕೇರಿಯ ಹೆಂಗಸರು ಟೋಮೆ ಅಜ್ಜಿಯ ಮನೆಯಲ್ಲಿ ಕೂತು, ಒಣಹಾಕುವ ಪರ್ಸಿಮನ್ ಹಣ್ಣುಗಳ ಸಿಪ್ಪೆ ತೆಗೆಯುತ್ತಿದ್ದರು. ಅಜ್ಜಿಯ ಮಗಳು ಯಾಸು ಮಾತ್ರ ದೂರ ಒಬ್ಬಳೇ ಕೂತು ಚಾಕು ಆಡಿಸುತ್ತಿದ್ದಳು.

"ದೆವ್ವದ್ದೊಂದು ಕತೆ ಹೇಳಜ್ಜಿ," ಅಂದರು ಯಾರೋ.

"ಹೇಳ್ತೀನಿ. ಹೆದರಿ ಬೆರಳು ಕುಯ್ಕೊಂಡ್ರೆ ನನ್ನ ಬೈಬೇಡಿ ಮತ್ತೆ... ಒಳಗಿದ್ದಾಳಲ್ಲ ನನ್ನ ನಾದಿನಿ ಕಿನು, ಅವಳ ಕತೆ. ಯುದ್ಧದ ಕಾಲದ್ದು."

ಕಿನುವಿನ ಅಮ್ಮ ಹಾತ್ಸು ಶಾಲೆಯಲ್ಲಿ ಕಸ ಗುಡಿಸುವವಳು. ಆ ಶಾಲೆಯಲ್ಲಿ ಡೋರಾ ಎಂಬ ಗೊಂಬೆಯಿತ್ತು. ಯುದ್ಧಕ್ಕೆ ಎಷ್ಟೋ ಮೊದಲು, ಸ್ನೇಹದ ಕಾಣಿಕೆಯೆಂದು ಅಮೆರಿಕದ ಮಕ್ಕಳು ಕಳಿಸಿದ್ದು. ಮಲಗಿಸಿದರೆ ಕಣ್ಣು ಮುಚ್ಚಿ "ಮಮ್ಮಾ" ಎನ್ನುತ್ತಿತ್ತು. ಪ್ರತಿವರ್ಷ ಹೆಣ್ಣುಮಕ್ಕಳ ಹಬ್ಬಕ್ಕೆ ಅದನ್ನು ಸಿಂಗರಿಸಿ ಕೂರಿಸುವ ಕೆಲಸ ಹಾತ್ಸುವಿನದು. ತನ್ನ ಮದುವೆಯ ರೇಷ್ಮೆ ಕತ್ತರಿಸಿ ಅವಳು ಕಿಮೋನೋ ಹೊಲಿದದ್ದು ಯಾರಿಗೆ? ಹೊಟ್ಟೆಯಲ್ಲಿ ಹುಟ್ಟಿದ ಕಿನುವಿಗಲ್ಲ, ಆ ಗೊಂಬೆಗೆ. ತಲೆ ಬಾಚುವಾಗಲೂ ಕಿನುವಿಗೆ ಸಿಡುಕು, ಡೋರಾಗೆ ಜೋಗುಳ... ಹುಡುಗಿಯ ಹೊಟ್ಟೆಯೊಳಗೆ ಕೆಂಡ ಬೀಳದೆ ಇದ್ದೀತೇ?

ಆಮೇಲೆ ಅದೇ ಅಮೆರಿಕದ ಜೊತೆ ಯುದ್ಧ ಬಂತು. ಅಮೆರಿಕದವರ ತಲೆಯ ಮೇಲೆ ಕೊಂಬಿವೆ, ಅವರು ಮನುಷ್ಯರೇ ಅಲ್ಲ, ರಾಕ್ಷಸರು ಎಂದು ರೇಡಿಯೋ, ಪತ್ರಿಕೆ, ಗೋಡೆಯ ಚಿತ್ರಗಳೆಲ್ಲ ಒಂದೇ ಸಮನೆ ಹೇಳಿದವು. ಒಂದು ಬೆಳಿಗ್ಗೆ ಮೇಷ್ಟ್ರು ಗೊಂಬೆಯನ್ನು ಮೇಜಿನ ಮೇಲಿಟ್ಟು, "ಈ ಶತ್ರೂನ ಏನ್ಮಾಡೋಣ, ಹೇಳ್ರೋ?" ಎಂದರು.

ಎಲ್ಲರೂ ತಲೆ ತಗ್ಗಿಸಿದರು. ಕಿನು ಎದ್ದು ನಿಂತಳು.

"ಚುಚ್ಚಿ ಸುಟ್ಟುಹಾಕ್ಬೇಕು ಸಾರ್. ರಾಕ್ಷಸರ ಮಗಳು ಅದು."

"ನೋಡ್ರೋ, ಇವಳಲ್ವಾ ದೇಶಭಕ್ತೆ!" ಎಂದು ಮೇಷ್ಟ್ರು ಬಿದಿರಿನ ಈಟಿಯನ್ನು ಅವಳ ಕೈಗೇ ಕೊಟ್ಟರು.

"ದೇಶ ಎಲ್ಲಿ ಬಂತು ಅಲ್ಲಿ?" ಅಜ್ಜಿ ನಿಟ್ಟುಸಿರು ಬಿಟ್ಟಳು. "ಅವಳಿಗೆ ಬೇಕಾಗಿದ್ದು ಅವಳಮ್ಮ."

ಅಂಗಳದಲ್ಲಿ ಕಿನು ಚುಚ್ಚಿದಳು. ಗೊಂಬೆ ಹಿಂದಕ್ಕೆ ಬಿದ್ದು "ಮಮ್ಮಾ" ಎಂದಿತು. ಪೊರಕೆ ಬಿಸಾಡಿ ಓಡಿಬಂದ ಹಾತ್ಸುವನ್ನು ನಾಲ್ಕು ಜನ ಹಿಡಿದುಕೊಂಡರು. ಶತ್ರುವಿನ ತಾಯಿ ಎಂದು ಊರೆಲ್ಲ ಉಗಿಯಿತು. ಗೊಂಬೆ ಬೂದಿಯಾಗುವವರೆಗೂ ಅವಳು ನೋಡಿದ್ದು ಬೆಂಕಿಯನ್ನೇ, ಕಿನುವನ್ನಲ್ಲ.

ಅಂದಿನಿಂದ ಹಾತ್ಸು ಮಗಳಿಗೆ ಊಟ ಬಡಿಸಿದಳು, ಬಟ್ಟೆ ಒಗೆದುಕೊಟ್ಟಳು, ಮಾತು ಮಾತ್ರ ಆಡಲಿಲ್ಲ. ಒಂದು ಮಧ್ಯಾಹ್ನ ಕಿನು ಅತ್ತು ಅತ್ತು ಸುಸ್ತಾಗಿ ಚಾಪೆಯ ಮೇಲೆ ಉರುಳಿದಳು. ತಲೆ ನೆಲಕ್ಕೆ ತಾಕುತ್ತಲೇ ಅವಳ ಗಂಟಲೊಳಗಿಂದ, ಅವಳದಲ್ಲದ ದನಿಯೊಂದು ಹೊರಟಿತು... "ಮಮ್ಮಾ."

ಹಾತ್ಸು ಒಲೆ ಬಿಟ್ಟು ಓಡಿಬಂದು ಅವಳನ್ನು ಬಾಚಿ ತಬ್ಬಿಕೊಂಡಳು. "ಬಂದ್ಯಾ ನನ್ನ ಕಂದಾ? ಬಂದ್ಯಾ ಡೋರಾ?"

ಅಮ್ಮನ ಮಡಿಲು ಬೆಚ್ಚಗಿತ್ತು. ನಾನು ಕಿನು ಕಣಮ್ಮಾ ಎಂದರೆ ಆ ಮಡಿಲು ಹೋಗುತ್ತದೆ. ಸುಮ್ಮನಿದ್ದರೆ, ಸುಟ್ಟು ಬೂದಿಯಾದವಳೇ ಗೆದ್ದ ಹಾಗೆ. ಕಿನು ಹಲ್ಲು ಕಚ್ಚಿ ಸುಮ್ಮನಿದ್ದಳು. ಮರುದಿನ, ಆ ದನಿ ಮತ್ತೆ ಬರಲೆಂದು, ತಾನಾಗಿಯೇ ಹೋಗಿ ಮಲಗಿದಳು. ಅದರ ಮರುದಿನವೂ. ಬರಬರುತ್ತಾ ಅವಳ ಬಾಯಿಂದ ಬೇರೆ ಮಾತೇ ಹೊರಡದಾಯಿತು...

"ಹಾತ್ಸು ಅತ್ತೆ ಸಾಯೋವಾಗ ನನ್ನ ಕೈ ಹಿಡ್ಕೊಂಡು, 'ಡೋರಾನ ಚೆನ್ನಾಗಿ ನೋಡ್ಕೊಳ್ಳೇ' ಅಂದ್ರು. ಕಿನು ಅನ್ನಲಿಲ್ಲ. ಅವಳು ಪಕ್ಕದಲ್ಲೇ ಕೂತಿದ್ಲು."

ಹೆಂಗಸರ ಕೈಗಳು ನಿಂತಿದ್ದವು. "ಕಿನು ಈಗ್ಲೂ ಹಾಗೇ ಮಮ್ಮಾ ಅಂತ ಕರೀತಾರಾ ಅಜ್ಜಿ?"

ಯಾಸು ಚಾಕು ಕುಕ್ಕಿದಳು. "ನನ್ನ ಕೇಳಿ, ಹೇಳ್ತೀನಿ. ಹೋದ ಚಳಿಗಾಲ ಜ್ವರ ಬಂದು ಬಿದ್ದಿದ್ದಾಗ ಅಮ್ಮಾ ಅಮ್ಮಾ ಅಂತ ಎಷ್ಟು ಕೂಗ್ದೆ! ಈ ನಮ್ಮಮ್ಮ ಬಂದ್ಲಾ? ಒಳಗಿರೋ ಆ ಮುದುಕಿನ ತೊಡೆ ಮೇಲೆ ಹಾಕ್ಕೊಂಡು ತಟ್ತಾ ಕೂತಿದ್ಲು!"

ಅಜ್ಜಿ ಮಗಳ ಮುಖವನ್ನೇ ದಿಟ್ಟಿಸಿದಳು.

"ನಿನ್ನ ಬಾಯಿ ಅಲ್ಲಾಡೋದು ಕಾಣುತ್ತೆ ಮಗಳೇ, ಏನಂತೀಯೋ ಕೇಳಿಸೋದೇ ಇಲ್ಲ..." ಹಾಗೆನ್ನುತ್ತ ಅಜ್ಜಿ ಒಳಕೋಣೆಯ ಕಡೆ ಕಿವಿ ತಿರುಗಿಸಿ, ಸಿಪ್ಪೆಗಳನ್ನು ಕೊಡವಿಕೊಂಡು ಎದ್ದಳು. "ಸ್ವಲ್ಪ ದಾರಿ ಬಿಡ್ರೇ. ಮಗು ಕರೀತಿದೆ."