ಮಗಳ ಮಾತ್ರೆ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಸಂಶೋಧನಾಲಯದ ನಿರ್ದೇಶಕರೇ, ಬಿಳಿ ಕೋಟಿನ ಮಕ್ಕಳೇ, ಹಿಂದಿನ ಸಾಲಿನಲ್ಲಿ ಕೂತು ಆಗಲೇ ಗಡಿಯಾರ ನೋಡುತ್ತಿರುವ ಸಭಿಕರೇ,

ಮೊದಲು ಒಂದು ದೂರು. ನನಗೆ ಮಾತಾಡಲು ಬರುತ್ತದೆ. ಬಾಯಿ ತೆರೆದರೆ ಬೀದಿಯ ಆ ಕೊನೆಗೆ ಕೇಳಿಸುತ್ತದೆ. ಹಾಗಿದ್ದೂ ನಿಮ್ಮ ಕಾರ್ಯದರ್ಶಿಗಳು, "ಬರ್ಕೊಂಡೇ ಬರ್ಬೇಕಮ್ಮ, ನಮಗೆ ಮೊದಲೇ ತೋರಿಸ್ಬೇಕು" ಎಂದರು. ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು ನಾನು, ಬಟ್ಟೆ ಹೊಲಿಯುವವಳು. ಬಟ್ಟೆಯ ಮೇಲೆ ಗೆರೆ ಎಳೆ ಅಂದರೆ ಕಣ್ಣು ಮುಚ್ಚಿಕೊಂಡು ಎಳೆದೇನು. ಕಾಗದದ ಮೇಲೆ ಒಂದು ಪುಟ ಬರೆಯುವಷ್ಟರಲ್ಲಿ ಎರಡು ಅಂಗಿ ಮುಗಿಸುತ್ತಿದ್ದೆ. ಬೆರಳು ನೋಯುತ್ತಿದೆ, ಸಿಟ್ಟೂ ಬಂದಿದೆ. ಆ ಸಿಟ್ಟಿನಲ್ಲೇ ಓದುತ್ತೇನೆ, ಸಹಿಸಿಕೊಳ್ಳಿ.

ಇವತ್ತು ನೀವು ಸನ್ಮಾನ ಮಾಡುತ್ತಿರುವ ಹುಡುಗಿ ನನ್ನ ತಮ್ಮನ ಮಗಳು. ನಾನು ಅವಳ ಸೋದರತ್ತೆ. ತಾಯಿಯನ್ನು ಕಳೆದುಕೊಂಡ ಮಗುವನ್ನು ಹೊಲಿಗೆ ಯಂತ್ರದ ಪಕ್ಕದಲ್ಲೇ ಕೂರಿಸಿಕೊಂಡು ಬೆಳೆಸಿದೆ. ನನ್ನನ್ನು ಕರೆದಿರುವುದು ಅದಕ್ಕೆ, ನನ್ನ ಜಾಣತನಕ್ಕಲ್ಲ.

ಅವಳ ಅಪ್ಪ ಬ್ರೆಡ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು. ಊರೆಲ್ಲ ಏಳುವ ಹೊತ್ತಿಗೆ ರೆಪ್ಪೆಯ ಮೇಲೂ ಹಿಟ್ಟು ಮೆತ್ತಿಕೊಂಡು ಬಂದು ಮಲಗುತ್ತಿದ್ದ. ಬೀದಿಯ ಮಕ್ಕಳು ಅವನಿಗೆ ಗೂಬೆ ಎಂದು ಹೆಸರಿಟ್ಟಿದ್ದರು. ಹಳೆಯ ಕೊಡೆಗಳ ಕಪ್ಪು ಬಟ್ಟೆ ಬಿಚ್ಚಿ ಅವನ ಕಿಟಕಿಗೆ ಪರದೆ ಹೊಲಿದುಕೊಟ್ಟೆ. ಈ ಹುಡುಗಿ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತು ಆ ಮಕ್ಕಳನ್ನು ಗದರಿಸುತ್ತಿದ್ದಳು: "ಶ್! ನಮ್ಮಪ್ಪಂಗೆ ಈಗ ರಾತ್ರಿ. ಆಚೆ ಹೋಗಿ ಆಡ್ಕೊಳ್ಳಿ!" ಆಮೇಲೆ ನನ್ನ ಹತ್ತಿರ ಬಂದು, "ಅತ್ತೆ, ಹೊರಗೆ ಇಷ್ಟು ಬಿಸಿಲಿದ್ಯಲ್ಲ, ಅಪ್ಪನ ಮೈಗೆ ಈಗ ರಾತ್ರಿ ಅಂತ ಯಾರು ಹೇಳ್ತಾರೆ?" ಎಂದು ಪೀಡಿಸುತ್ತಿದ್ದಳು. "ನಿನ್ನ ತಲೆ! ಬಿದ್ದಿರೋ ಗುಂಡಿ ಆರಿಸು" ಎನ್ನುತ್ತಿದ್ದೆ. ನನ್ನಲ್ಲಿ ಸಿಗದ ಉತ್ತರ ಹುಡುಕಿಕೊಂಡು ನಿಮ್ಮ ಸಂಶೋಧನಾಲಯದವರೆಗೆ ಬಂದಿದ್ದಾಳೆ. ವಿಜ್ಞಾನಕ್ಕೆ ನನ್ನ ಕೊಡುಗೆ ಇಷ್ಟೇ.

ಕತ್ತಲಾದರೆ ಮಿದುಳಿನಲ್ಲಿ ಮೆಲಟೋನಿನ್ ಎಂಬ ರಸ ಊರುತ್ತದಂತೆ. ರಾತ್ರಿಯಾಯಿತು ಎಂದು ಮೈಗೆಲ್ಲ ಸುದ್ದಿ ಮುಟ್ಟಿಸುವುದು ಅದೇ. ರಕ್ತದ ಕ್ಯಾನ್ಸರಿನ ಕಣಗಳಿಗೋ ಹಗಲಿಲ್ಲ, ರಾತ್ರಿಯಿಲ್ಲ. ಸಕ್ಕರೆಯನ್ನು ಗಬಗಬನೆ ತಿಂದು, ಅರ್ಧಂಬರ್ಧ ಉರಿಸಿ, ಒಂದು ಎರಡಾಗುತ್ತ ಹೋಗುತ್ತವಂತೆ. ಅಂಥ ಕಣಗಳನ್ನು ಗಾಜಿನ ತಟ್ಟೆಯಲ್ಲಿಟ್ಟು ಈ ರಸ ಹಾಕಿದರೆ ಕೆಲವುಗಳ ಹಸಿವಿನ ರೀತಿಯೇ ಬದಲಾಗುತ್ತದೆ, ಬೆಳೆಯುವ ವೇಗ ತಗ್ಗುತ್ತದೆ. ಅದು ಯಾಕೆ, ಹೇಗೆ ಎಂದು ಹುಡುಕುವುದು ಇವಳ ಕೆಲಸ.

"ಹಾಗಾದ್ರೆ ಮದ್ದು ಸಿಕ್ತು ಅನ್ನು" ಎಂದೆ ನಾನು.

"ಇಲ್ಲ ಅತ್ತೆ. ನೀನು ಹೊಸ ನಮೂನೆ ಅಂಗೀನ ಮೊದಲು ಹಳೇ ಪೇಪರ್ ಮೇಲೆ ಕತ್ತರಿಸಿ ನೋಡ್ತೀಯಲ್ಲ? ನಾವಿನ್ನೂ ಅಲ್ಲೇ ಇದ್ದೀವಿ. ಮನುಷ್ಯರ ಮೈಗೆ ಹೊಂದುತ್ತೋ ಇಲ್ವೋ, ಗೊತ್ತಿಲ್ಲ. ಹೊಂದಿದ್ರೂ ಆಸ್ಪತ್ರೆ ಮದ್ದಿನ ಜೊತೆಗೆ ಇರ್ಬಹುದು, ಅದರ ಬದಲಿಗೆ ಅಂತ ನಾನೆಲ್ಲೂ ಹೇಳಿಲ್ಲ."

ಕಾರ್ಯದರ್ಶಿಗಳೇ, ನಿಮಗೆ ತೋರಿಸಿದ ಹಾಳೆ ಇಲ್ಲಿಗೆ ಮುಗಿಯಿತು. ಇನ್ನು ಓದುವುದು ತೋರಿಸದೆ ಇಟ್ಟುಕೊಂಡದ್ದು. ಮೈಕು ಆರಿಸುತ್ತೀರಾ, ಆರಿಸಿ. ನನ್ನ ಗಂಟಲಿಗೆ ಅದು ಬೇಕಿಲ್ಲ.

ನನ್ನ ತಮ್ಮನಿಗೂ ರಕ್ತದ ಕ್ಯಾನ್ಸರ್ ಇದೆ. ನಿಧಾನಕ್ಕೆ ಬೆಳೆಯುವ ಜಾತಿಯದು. ಕೊಟ್ಟ ಮಾತ್ರೆಯನ್ನು ದಿನಾ ತಪ್ಪದೆ ನುಂಗಿದರೆ ಹದ್ದುಬಸ್ತಿನಲ್ಲಿರುತ್ತದೆ ಎಂದು ಡಾಕ್ಟರು ಹೇಳಿದ್ದರು, ಇತ್ತು ಕೂಡ. ಮಗಳು ಇಲ್ಲಿನ ವಸತಿಯಲ್ಲಿರುತ್ತಾಳೆ. ಅವನು ನನ್ನ ಅಂಗಡಿಯ ಮೇಲಿನ ಕೋಣೆಯಲ್ಲಿ.

ಹೋದ ವಾರ, ಈ ಸಮಾರಂಭಕ್ಕೆಂದು ಅವನಿಗೊಂದು ನೀಲಿ ಅಂಗಿ ಹೊಲಿಯಲು ಅಳತೆ ತೆಗೆಯಲು ಹೋದೆ. ಎದೆಗೆ ಸುತ್ತಿದ ಟೇಪು ಜೋತುಬಿತ್ತು. ಅವನ ಅಳತೆ ನನ್ನ ಬೆರಳಿಗೇ ಗೊತ್ತು, ಬರೆದಿಟ್ಟುಕೊಳ್ಳಬೇಕಿಲ್ಲ.

"ಏನೋ ಇದು? ಊಟ ಬಿಟ್ಟಿದ್ದೀಯಾ?"

"ಊಟ ಬಿಟ್ಟಿಲ್ಲಕ್ಕ. ಮಾತ್ರೆ ಬಿಟ್ಟಿದ್ದೀನಿ."

ಬೀಡಿ ಬಿಟ್ಟೆ ಅನ್ನುವವನ ಹಾಗೆ ಹೆಮ್ಮೆಯಿಂದ ಹೇಳಿದ.

"ಬಿಟ್ಟು?"

"ಮಗಳ ಮಾತ್ರೆ ತಗೋತಿದ್ದೀನಿ. ಮೆಲಟೋನಿನ್ನು, ನಿದ್ದೆ ಮಾತ್ರೆ ಅಂತ ಅಂಗಡೀಲೇ ಸಿಗುತ್ತೆ. ಪೇಪರಲ್ಲಿ ಅವಳ ಫೋಟೋ ಹಾಕಿ ಬರೆದಿದ್ರಲ್ಲ, ಅದೇ."

"ಬೇಕೂಫ, ಅದು ಗಾಜಿನ ತಟ್ಟೇಲಿ ಕಣೋ! ನೀನೇನು ತಟ್ಟೆಯಾ?"

ನಕ್ಕುಬಿಟ್ಟ. "ಯಾರಾದ್ರೂ ಮೊದಲು ತಗೊಂಡು ತೋರಿಸ್ಬೇಕಲ್ಲಕ್ಕ. ಮುಂದಿನ ಸಲ ರಕ್ತ ಪರೀಕ್ಷೆ ಮಾಡ್ದಾಗ ಒಳ್ಳೇದು ಬರ್ಲಿ, ತಗೋ ಮಗಳೇ ಅಂತ ಅವಳ ಕೈಗಿಡ್ತೀನಿ. ಅಲ್ಲೀವರೆಗೂ ಅವಳಿಗೆ ಹೇಳ್ಬೇಡ. ನಾನು ನಂಬ್ದೇ ಇದ್ರೆ ಅವಳನ್ನ ಇನ್ಯಾರು ನಂಬ್ತಾರೆ?"

"ಹೇಳಲ್ಲ ಹೋಗೋ" ಎಂದುಬಿಟ್ಟೆ. ಕುತ್ತಿಗೆಯ ಅಳತೆಯನ್ನೇ ಮತ್ತೆ ಮತ್ತೆ ತೆಗೆಯುತ್ತ ನಿಂತೆ. "ಕಚಗುಳಿ ಆಗುತ್ತಕ್ಕ" ಎಂದ.

ಅಂಗಿಯನ್ನು ಈಗಿನ ಮೈಗೆ ಸರಿಯಾಗಿಯೇ ಹೊಲಿದಿದ್ದೇನೆ. ಒಳಗೆ ಹೊಲಿಗೆಯಂಚಿನಲ್ಲಿ ಮಾತ್ರ ಬೇಕಾದಷ್ಟು ಬಟ್ಟೆ ಮಡಚಿ ಬಿಟ್ಟಿದ್ದೇನೆ, ಮೈ ತುಂಬಿಕೊಂಡರೆ ಬಿಚ್ಚಿ ಅಗಲ ಮಾಡೋಣ ಎಂದು. ಇದನ್ನು ಯಾಕೆ ಬರೆದೆನೋ, ಭಾಷಣಕ್ಕೆ ಬೇಕಾದದ್ದಲ್ಲ. ಬರೆದಾಗಿದೆ, ಓದಿಯೂ ಆಯಿತು.

ಅಂದಿನಿಂದ ಬೈದೆ, ಬೇಡಿಕೊಂಡೆ, ನನ್ನ ಮನೆಯಲ್ಲಿ ನಿನಗೆ ಊಟವಿಲ್ಲ ಎಂದೆ. ಆಮೇಲೆ ನಾನೇ ತಟ್ಟೆ ಹಿಡಿದು ಮೆಟ್ಟಿಲು ಹತ್ತಿದೆ. ಅವನು ನಗುತ್ತಾನೆ. ಊಟ ಮಾಡುತ್ತಾನೆ. ಮಗಳ ಮಾತ್ರೆ ನುಂಗಿ ಮಲಗುತ್ತಾನೆ.

ಮಗಳಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ಆ ಮಾತು ಮುರಿದಿಲ್ಲ. ನಾನು ಅವಳಿಗೆ ಹೇಳುತ್ತಿಲ್ಲ, ಸಭೆಗೆ ಹೇಳುತ್ತಿದ್ದೇನೆ. ಅವಳು ವೇದಿಕೆಯ ಮೇಲೆ ಕೂತಿದ್ದರೆ ಅದು ಕಾರ್ಯದರ್ಶಿಗಳ ಏರ್ಪಾಡು.

ಮಗಳೇ, ಮುಖ ಮುಚ್ಚಿಕೊಳ್ಳಬೇಡ. ನೀನು ಬರೆದದ್ದರಲ್ಲಿ ತಪ್ಪಿಲ್ಲ. ನಿನ್ನ ಹೆಸರು ಕಂಡರೆ ನಿನ್ನಪ್ಪನಿಗೆ ಉಳಿದ ಅಕ್ಷರಗಳು ಕಾಣಿಸುವುದಿಲ್ಲ, ಅಷ್ಟೇ. ಇನ್ನೂ ಗೊತ್ತಿಲ್ಲ ಎಂದು ನನಗೆ ಹೇಳಿದೆಯಲ್ಲ, ಅದನ್ನು ಅವನ ಪಕ್ಕದಲ್ಲಿ ಕೂತು ಒಮ್ಮೆ ಹೇಳು. ನಾನು ಹೇಳಿದರೆ ಅದೂ ಬೈದಂತೆಯೇ ಕೇಳಿಸುತ್ತದೆ.

ತಮ್ಮಾ, ಎದ್ದು ಹೋಗಲು ನೋಡಬೇಡ. ಬಾಗಿಲ ಬಳಿ ಇರುವವರು ಯಾರಾದರೂ ಆ ನೀಲಿ ಅಂಗಿಯವನನ್ನು ಕೂರಿಸಿ. ಮಗಳನ್ನು ನಂಬಿದ್ದಕ್ಕೆ ನನಗೆ ಸಿಟ್ಟಿಲ್ಲ ಕಣೋ. ಆದರೆ ಇವಳು ಆ ತಟ್ಟೆಗಳ ಮೇಲೆ ನೆಟ್ಟ ಕಣ್ಣು ಕೀಳದೆ ಕೂತಿರುವುದು ಯಾತಕ್ಕೆ? ನಿನ್ನಂಥವರು ಬದುಕಲಿ ಎಂದಲ್ಲವೇ? ಅವಳಿಗೆ ಬೇಕಾಗಿರುವುದು ಅಪ್ಪ. ತಟ್ಟೆಗಳು ಇಲ್ಲಿ ಬೇಕಾದಷ್ಟಿವೆ. ನನ್ನ ಸಂಗತಿಯೂ ಇದೆ. ನಿನ್ನ ಮೂಗು ಒರೆಸಿ ಬೆಳೆಸಿದವಳು ನಾನು. ಇಷ್ಟು ವರ್ಷದಲ್ಲಿ ಬೈಸಿಕೊಂಡು ತಿರುಗಿ ಬಂದವನು ನೀನೊಬ್ಬನೇ. ನೀನು ಹೋದರೆ ನಾನು ಯಾರನ್ನು ಬೈಯಲಿ?

ಅಧ್ಯಕ್ಷರೇ, ಸನ್ಮಾನದ ದಿನ ಮನೆಯ ಸಂಕಟ ತಂದು ನಿಮ್ಮ ಮುಂದೆ ಹಾಕಿದೆ. ಕೂತು ಕೇಳಿದ್ದೀರಿ, ಉಪಕಾರವಾಯಿತು. ಹುಡುಗಿಗೆ ಕೈತುಂಬ ಚಪ್ಪಾಳೆ ತಟ್ಟಿ, ಅದಕ್ಕೆ ಅವಳು ತಕ್ಕವಳು. ನಿಮಗೆಲ್ಲ ನನ್ನ ನಮಸ್ಕಾರ.

ತಮ್ಮಾ, ನಿನಗೆ ಈಗಲೇ ನಮಸ್ಕಾರವಿಲ್ಲ. ಹದಿನೇಳನೇ ತಾರೀಕು ಸೋಮವಾರ ನಿನ್ನ ಡಾಕ್ಟರನ್ನು ನೋಡಲು ಸಮಯ ಕೇಳಿಟ್ಟಿದ್ದೇನೆ. ಬರುತ್ತೀಯೋ ಇಲ್ಲವೋ, ಹದಿನಾರರ ಸಂಜೆಯೊಳಗೆ ಹೇಳಬೇಕು. ಬಾಯಿ ಬಿಟ್ಟು ಹೇಳಬೇಕು. ನಗುವುದನ್ನು ನಾನು ಉತ್ತರ ಎಂದು ತೆಗೆದುಕೊಳ್ಳುವುದಿಲ್ಲ.